ಏಳಬ್ಯಾಡ್ರಿ, ಕೂಡ್ರಿ

ಇಲ್ಲ, ಇಲ್ಲ ಬಾಯಾರ... ಏಳಬ್ಯಾಡ್ರಿ, ಕೂಡ್ರಿ! ಕುರ್ಚಿ ಇನ್ನೂ ಬೆಚ್ಚಗಾಗಿಲ್ಲ, ಅಷ್ಟರಾಗ 'ಅನುಸೂಯಾಬಾಯಿಯವರನ್ನ ನೋಡಿಬಿಡ್ತೇನಿ' ಅಂತ ಎದ್ದರ ಹ್ಯಾಂಗ? ಹೇಳಿದೆನಲ್ಲಾ, ನನ್ನ ಹೆಂಡತಿ ಒಳಗ ಮಲಗ್ಯಾಳ. ಈಗಷ್ಟ ಕಣ್ಣು ಹತ್ಯಾವ. ಪುಪ್ಪುಸ ಕೆಟ್ಟವರಿಗೆ ನಿದ್ದಿ ಅಂದ್ರ ಎಷ್ಟು ತುಟ್ಟಿ ಪದಾರ್ಥ ಅನ್ನೂದನ್ನ ನಿಮಗ ನಾ ಹೇಳಬೇಕೇ? ನೀವು ಡಾಕ್ಟರು... ಹಾಂ? ಡಾಕ್ಟರ್ ಅಲ್ಲ, ವ್ಯಾಯಾಮ ಮಾಡಿಸಾಕಿ. ಅದನ್ನ ದವಾಖಾನ್ಯಾಗೂ ಹೇಳಿದ್ರಿ. ಬಿಳೀ ಕೋಟು ಹಾಕ್ಕೊಂಡವರೆಲ್ಲಾ ನಮ್ಮ ಪಾಲಿಗೆ ಡಾಕ್ಟರೇ ಬಿಡ್ರಿ. ಕೂಡ್ರಿ, ಚಹಾ ಇಟ್ಟೇನಿ.

ಹೌದು, ನಾನೇ ಇಟ್ಟೇನಿ. ಅದರಾಗ ಆಶ್ಚರ್ಯ ಏನದ? ಐದು ವರ್ಷ ಆತು, ಆಕಿ ಈ ಮನ್ಯಾಗ ಒಂದು ವಾಟಗಾ ಎತ್ತಿ ಆಚೀಕಡೆ ಇಟ್ಟಾಕಿ ಅಲ್ಲ. ನಾನು ಇಡಗೊಟ್ಟಿಲ್ಲ! ದಂಡಿನ ಡೆಪೋದಾಗ ನನಗ ನಿವೃತ್ತಿ ಹಾರ ಹಾಕಿ ಕಳಿಸಿದ ಮರುದಿವಸನ ಹೇಳಿಬಿಟ್ಟೆ: 'ಅನುಸೂಯಾ, ನೀ ಮಾಡಿದ್ದು ಸಾಕು, ಇನ್ನ ನೀ ಕೂಡು.' ಮುಂಜಾನೆ ಮುಖಾ ತೊಳಕೊಳ್ಳಿಕ್ಕೆ ನೀರು ಹಾಸಿಗಿ ಹತ್ರ. ತಲಿ ಹಿಕ್ಕೂದು ನಾನು. ಹೆರಳು ಸುದ್ಧಾ ನಾನೇ ಹಾಕ್ತೇನಿ... ಯಾಕ ನಗ್ತೀರಿ? ಭಾಳ ಛಂದ ಬರ್ತದ ನನಗ! ಈ ಚಾಳಿನ ಹೆಣ್ಣಮಕ್ಕಳು ತಮ್ಮ ಗಂಡಂದಿರನ್ನ ಬಯ್ಯಬೇಕಾದ್ರ ನನ್ನ ಹೆಸರು ತಗೀತಾರ. ವಟಪೂರ್ಣಿಮಾ ದಿವಸ ಆಲದ ಮರಕ್ಕ ದಾರ ಸುತ್ತುವಾಗ, ಕೆಳಗಿನ ಖೋಲಿಯ ಅಂಬಾಬಾಯಿ ಎಲ್ಲಾರ ಎದುರಿಗೆ ಅಂದ್ಲಂತ: 'ಏಳು ಜನ್ಮಕ್ಕೂ ಇದ ಗಂಡ ಬೇಕು ಅನ್ನಲಿಕ್ಕೆ ನನಗ ಬಾಯಿ ಬರವಲ್ದವ್ವಾ. ಆ ಹಣಮಂತ್ರಾಯರಂಥಾವ್ರು ಇದ್ದರ ಒಂದು ಜನ್ಮಕ್ಕರೆ ಕೊಡು ದೇವರ!' ನೋಡ್ರಿ, ಹಂಗ ನಮ್ಮ ಖ್ಯಾತಿ.

ನಿಮ್ಮ ಹೆಸರು ಸಪ್ನಾ ಅಂತ ಕೇಳಿ ನಾ ಮದಲ ಮರಾಠಿ ಹುಡುಗಿ ಅಂದುಕೊಂಡಿದ್ದೆ. ಮದಲನೇ ದಿವಸ ಅನುಸೂಯಾನ ಬೆನ್ನಮ್ಯಾಲ ಕೈಯಿಟ್ಟು, 'ಅಜ್ಜೀ, ಉಸರು ಹಿಡೀಬ್ಯಾಡ್ರಿ, ಬಿಡ್ರಿ, ಮೆಲ್ಲಕ ಬಿಡ್ರಿ' ಅಂದ್ರಲ್ಲಾ... ನನ್ನ ಕಣ್ಣಾಗ ನೀರು ಬಂತು. ಖರೇನ ಹೇಳ್ತೇನಿ. ನಮ್ಮೂರು ಇಂಡಿ ಬಿಟ್ಟು ಇಲ್ಲಿಗೆ ಬಂದು ಮೂವತ್ತು ವರ್ಷ ಮೀರಿತು. ಪುಣೆ ಹತ್ರದ ಈ ದೇಹೂ ರೋಡ್ ಊರಿನ ಕನ್ನಡ ಸಂಘಕ್ಕ ನಾನೇ ಕಾರ್ಯದರ್ಶಿ. ವರ್ಷಾ ವರ್ಷಾ ವಂದನಾರ್ಪಣೆ ನಂದೇ. ಆದರ ದವಾಖಾನ್ಯಾಗ, ಅಷ್ಟು ಮಂದಿ ನಡುವ, ಒಬ್ಬಾಕಿ ನಮ್ಮ ಮಾತಿನಾಗ 'ಉಸರು ಬಿಡ್ರಿ' ಅನ್ನೂದು ಅಂದ್ರ! ಹಿಂಗಾಗಿ ನಿಮ್ಮ ಬಗ್ಗೆ ನನ್ನ ಮನಸ್ಸಿನೊಳಗ ಎಳ್ಳಷ್ಟೂ ಅಸಮಾಧಾನ ಇಲ್ಲ. ದಯವಿಟ್ಟು ಇದನ್ನ ಮದಲ ಬರಕೊಳ್ರಿ... ಬರಕೊಳ್ಳಿಕ್ಕೆ ಬಂದಿಲ್ಲೇ? ಮತ್ತ?

ತಿಳೀತು. ಆರು ವಾರ ಒಂದು ದಿವಸ ತಪ್ಪದ ಬಂದಾಕಿ ಒಮ್ಮಿಂದೊಮ್ಮೆ ಯಾಕ ನಿಂತಳು, ಅದು ನಿಮ್ಮ ಪ್ರಶ್ನಿ. ಈ ಸೋಮವಾರ ಬರಲಿಲ್ಲಂದ್ರ ಆಕಿ ಜಾಗಾ ಬ್ಯಾರೆಯವರಿಗೆ ಹೋಗ್ತದ, ಅದು ನಿಮ್ಮ ಅಡಚಣಿ. ಕೊಡ್ರಿ! ಅವಶ್ಯ ಕೊಡ್ರಿ. ಯಾರೋ ಬಡಪಾಯಿ ಕಾಯ್ತಿರಬೇಕು, ಅವರ ಪಾಪಾ ನಾವು ಯಾಕ ಕಟ್ಟಿಕೊಳ್ಳಬೇಕು? ಅನುಸೂಯಾಗ ಇನ್ನ ಬ್ಯಾಡಾಗ್ಯದ. ಇಷ್ಟ ವಿಷಯ.

ಆಕಿ ಬಾಯಿಲೆ ಕೇಳಬೇಕೇ? ಮಲಗ್ಯಾಳ ಅಂದೆನಲ್ಲಾ! ಎಬ್ಬಿಸಿದರೂ ಆಕಿ ಮಾತಾಡೂದಿಲ್ಲ. ಮಾತಾಡಿದ್ರ ದಮ್ಮು ಹತ್ತತದ. ನಾನೇ ಬ್ಯಾಡ ಅಂತೇನಿ. ಉಸರು ಉಳಿಸಿಕೋ, ಏನು ಬೇಕು ಕೈಲೆ ತೋರಿಸು, ನಾ ತರ್ತೇನಿ... ಮೂವತ್ತಾರು ವರ್ಷದ ಸಂಸಾರದಾಗ ನನಗ ಗೊತ್ತಾಗೂದಿಲ್ಲೇನು ಆಕಿಗೆ ಏನು ಬೇಕು ಅಂತ?

ಚಹಾ ತಗೋಳ್ರಿ. ಸಕ್ಕರಿ ಹೆಚ್ಚಾತೇ? ಇಲ್ಲ? ಮತ್ತ ಯಾಕ ಕುಡೀವಲ್ರಿ?

ಈಗ ನೀವು ಕೇಳಿದ್ರಿ ಅಂತ ಹೇಳ್ತೇನಿ. ನಿಮ್ಮ ವ್ಯಾಯಾಮದಿಂದ ಆಕಿಗೆ ತ್ರಾಸ ಆತು. ಶರೀರದ ತ್ರಾಸಷ್ಟ ಅಲ್ಲ, ಮರ್ಯಾದಿ ತ್ರಾಸು. ಆ ಬೂಟು ನೆನಪದಲ್ಲಾ? 'ನಡೀಲಿಕ್ಕೆ ಬೂಟು ತಗೋಳ್ರಿ, ಚಪ್ಪಲ್ಲು ಜಾರ್ತಾವ' ಅಂದ್ರಿ. ತಂದೆ. ಹೆಣ್ಣಮಕ್ಕಳ ಮಾಪಿನಾಗ ಸಿಗಲಿಲ್ಲ, ಸಾಲಿ ಹುಡುಗರು ಕವಾಯತಿಗೆ ಹಾಕ್ಕೊಳ್ಳೂ ಬಿಳೀ ಕ್ಯಾನ್ವಾಸ್ ಬೂಟು ತಂದೆ. ಇಳಕಲ್ ಸೀರಿ, ಮೂಗಿನಾಗ ನತ್ತು, ಕೆಳಗ ಬಿಳೀ ಬೂಟು! ಆಕಿ ಈ ಪಾವಟಿಗಿ ಇಳಿದು ಹೊಂಟರ ಚಾಳಿನ ಹುಡುಗರು ಗೋಡಿಗೆ ಹತ್ತಿ ನಿಂತು 'ಆಜೀ, ಲೆಫ್ಟ್ ರೈಟ್! ಆಜೀ, ಲೆಫ್ಟ್ ರೈಟ್!' ನಾ ಭೂಮಿಗಿಳಿದೆ. ಆಕಿ? ಆಕಿ ಅವರಿಗೆ ಸೆಲ್ಯೂಟ್ ಹೊಡದ್ಲು ರೀ! ... ನಗ್ರಿ, ನಗ್ರಿ. ನಿಮಗ ನಗಿ ಬರ್ತದ. ದಂಡಿನ ಊರಾಗ ಬಾಳಿದ ಹೆಣ್ಣಮಗಳು ಅಂತ ನಾನೂ ಅವತ್ತು ನಕ್ಕೇನಿ, ಬರೇ ಮ್ಯಾಲ ಮ್ಯಾಲ.

ಮುಂದ ಕೇಳ್ರಿ. ಸ್ಟೇಶನ್ನಿನ ಬ್ರಿಜ್ಜು. ನಿಮ್ಮ ದವಾಖಾನಿಗೆ ಬರಬೇಕಂದ್ರ ಲೋಕಲ್ ಹಿಡೀಬೇಕು, ಲೋಕಲ್ ಹಿಡೀಬೇಕಂದ್ರ ಬ್ರಿಜ್ಜು ಹತ್ತಬೇಕು. ನಾ ರಿಕ್ಷಾ ಮಾಡ್ತೇನಿ ಅಂದೆ, ಪೂರಾ ಪುಣೆತನಕ! ಒಲ್ಲೆ ಅಂದ್ಲು. 'ಬಾಯಾರು ಹತ್ತು ಅಂದಾರ, ದಮ್ಮು ಹತ್ತಿದ್ರ ನಿಂದ್ರು, ತುಟಿ ಸಣ್ಣ ಮಾಡಿ ಊದು, ಮತ್ತ ಹತ್ತು ಅಂದಾರ.' ಬಾಯಾರು ಅಂದಾರ! ಮನ್ಯಾಗ ಎದ್ದರ ಕೂತರ ಅದ ಮಂತ್ರ. ಅರ್ಧ ಬ್ರಿಜ್ಜು ಹತ್ತಿದಾಗ ದಮ್ಮು ಹತ್ತಿತು. ಪಾವಟಿಗಿ ಮ್ಯಾಲ ಕೂತ್ಲು, ಮೊಳಕಾಲ ಮ್ಯಾಲ ಕೈಯೂರಿ ಬಗ್ಗಿ ಊದಲಿಕ್ಕೆ ಹತ್ತಿದ್ಲು. ನಾ ನೀರಿನ ಬಾಟ್ಲಿ ತಗೀಲಿಕ್ಕೆ ಚೀಲದಾಗ ಕೈ ಹಾಕೀನೋ ಇಲ್ಲೋ, ಯಾರೋ ಒಬ್ಬಾಂವ ಲಗುಬಗಿಲೆ ಇಳಿದು ಬಂದಾಂವ ಆಕಿ ಉಡಿಯಾಗ ಒಂದು ರೂಪಾಯಿ ಒಗದು ಹೋದ. ತಿಳೀತಿಲ್ಲೋ? ಭಿಕ್ಷೆ! ನನ್ನ ಹೆಂಡತಿಗೆ! ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದವನ ಹೆಂಡತಿಗೆ!

ಆಕಿ ಏನು ಮಾಡಿದ್ಲು ಗೊತ್ತದ? ದಮ್ಮು ಇಳಿದ ಮ್ಯಾಲ ಆ ರೂಪಾಯಿ ನೋಡಿದ್ಲು. ನನ್ನ ಮುಖಾ ನೋಡಿದ್ಲು. ನಗಲಿಕ್ಕೆ ಹತ್ತಿದ್ಲು. ನಕ್ಕು ನಕ್ಕು ಕೆಮ್ಮು, ಕೆಮ್ಮಿ ಕೆಮ್ಮಿ ಮತ್ತ ನಗಿ. ಬ್ರಿಜ್ಜಿನ ಮ್ಯಾಲ ಹೋಗಿ ಆ ದುಡ್ಡಿಲೆ ಬಿಸೀ ಶೇಂಗಾ ತಗೊಂಡು ಬಂದು ಅಂದ್ಲು: 'ತಿನ್ರಿ. ನನ್ನ ಮದಲನೇ ಗಳಿಕಿ.'

ಮದಲನೇ ಗಳಿಕಿ... ಅದೊಂದು ಮಾತು ನನಗ ಇನ್ನೂ ಚುಚ್ಚತದ. ಖಾನಾವಳಿ ನಡಿಸಿದಾಕಿ ಅಲ್ಲೇನು ಆಕಿ? ಇದ ಖೋಲ್ಯಾಗ, ಕನ್ನಡ ನಾಡಿನಿಂದ ಡೆಪೋಕ್ಕ ಬಂದ ಎಷ್ಟು ಹುಡುಗರು ಆಕಿ ಕೈಯಾಗ ರೊಟ್ಟಿ ಉಂಡು ದೊಡ್ಡವರಾದರು! ಕರಕೊಂಡು ಬರ್ತಿದ್ದಾಂವ ನಾನೇ. ಹೊಸಾ ಹುಡುಗ ಸ್ಟೇಶನ್ನಿನಾಗ ಟ್ರಂಕ್ ಹಿಡಕೊಂಡು ನಿಂತಿದ್ರ ಹ್ಯಾಂಗ ಬಿಟ್ಟು ಬರಲಿ? ಸಂಘದ ಕಾರ್ಯದರ್ಶಿ ನಾನು. ಹಬ್ಬಕ್ಕ ಇಡೀ ಸಂಘಕ್ಕ ಹೋಳಿಗಿ ಇದ ಮನೀದು. ಗ್ಯಾಸ್ ಬಂದದ್ದು ತೀರಾ ಈಚೆಗೆ, ಅಲ್ಲಿತನಕ ಕಟ್ಟಿಗಿ ಅಡ್ಡೆದಿಂದ ಹೊಟ್ಟು ತಂದು, ಆ ಹೊಟ್ಟಿನ ಒಲಿ ಮ್ಯಾಲ... ಯಾಕ ಹಂಗ ನೋಡ್ತೀರಿ? ಹೊಗಿ ಯಾರ ಮನ್ಯಾಗ ಇರಲಿಲ್ಲ ಆವಾಗ? ನಿಮ್ಮ ಅಜ್ಜಿ ಹೊಗ್ಯಾಗ ಅಡಗಿ ಮಾಡಲಿಲ್ಲೇನು? ದೊಡ್ಡ ಡಾಕ್ಟರೂ ಹಿಂಗ ನೋಡಿದ್ರು. 'ಬೀಡಿ ಸೇದತಾರೇನು? ಇಲ್ಲಾ? ಹಂಗಾದ್ರ ಒಲಿ' ಅಂದು ನನ್ನ ಮುಖಾ ನೋಡಿದ್ರು. ಒಲಿ ನಾ ಹಚ್ಚಿದ್ದೇನು? ... ಹೋಗ್ಲಿ. ಅದಕ್ಕ ಅಲ್ಲೇನು, ಈ ಐದು ವರ್ಷ ಆಕೀನ್ನ ಕೂಡ್ರಿಸಿ ನಾ ಸೇವಾ ಮಾಡ್ಲಿಕ್ಕತ್ತಿದ್ದು?

ಇಲ್ಲ, ನೀವು ಮನೀಗೆ ಬಂದದ್ದು ದೊಡ್ಡ ಮಾತು. ಉಳಿದ ರೋಗಿಗಳ ಮನೀಗೂ ಹೋಗ್ತೀರೇನು? ಆ ಹುಸೇನಪ್ಪನ ಮನೀಗೆ? ಹಡಪಸರದ ಆಚೀಕಡೆ ಖಡಿ ಮಶೀನಿನ್ಯಾಗ ಕಲ್ಲಿನ ಧೂಳಿ ನುಂಗಿ ಬಂದಾಂವ, ರಾಯಚೂರ ಕಡೆಯಾಂವ. ಅಂವಾ ಒಂದು ತಿಂಗಳದಾಗ ಬಿಟ್ಟಾನಲ್ಲಾ? ನೋಡ್ರಿ! ಆದರ ಆವತ್ತು, ದೊಡ್ಡ ಡಾಕ್ಟರು ಎಲ್ಲಾರನ್ನೂ ದುಂಡಗ ಕೂಡ್ರಿಸಿ, 'ನಿಮಗ ಇಲ್ಲಿ ಸಮಾಧಾನ ಆಗ್ಯದೋ ಇಲ್ಲೋ, ಏನು ಹಿಡಿಸಿತು, ಮನಸ್ಸು ಬಿಚ್ಚಿ ಹೇಳ್ರಿ' ಅಂತ ಕೇಳಿದಾಗ ಅಂವಾ ಏನಂದ? 'ನಮ್ಮವ್ವ ಸುದ್ಧಾ ನನ್ನ ಇಷ್ಟು ಪ್ರೀತಿಲೆ ನಡೀ ಅಂದಿಲ್ಲರೀ!' ಅಂದ. ಎಲ್ಲಾರೂ ಚಪ್ಪಾಳಿ ಹೊಡದ್ರಿ. ಮರುವಾರ ಹುಸೇನಪ್ಪ ನಾಪತ್ತೆ! ಆ ಮರಾಠಿ ಮುದುಕರೂ ಹಂಗ. 'ಲಯೀ ಭಾರೀ, ಡಾಕ್ಟರಸಾಹೇಬ!' ಅಂತ ತಲಿದೂಗಿದ್ರು, ಮನೀಗೆ ಹೋಗಿ ಹೊಚ್ಚಿಕೊಂಡು ಮಲಗಿದ್ರು. ಬಾಯಾರ, ನೀವು ಓದಿದವರು, ಇಷ್ಟು ತಿಳೀಲಿಲ್ಲೇನು? ಉಣ್ಣಾಕ ಕರದವರ ಮನ್ಯಾಗ 'ಸಾರು ಉಪ್ಪಾಗ್ಯದ' ಅಂತ ಯಾರರೆ ಅಂತಾರೇನು? ನೀವು ಬಡಿಸಿಕೋತ ಕೇಳಿದ್ರಿ, ಅವರು ಕೈ ತೊಳಕೋತ ಹೊಗಳಿದ್ರು. ನಿಮ್ಮ ಸಮಾಧಾನ ಅಂದ್ರ ಇಷ್ಟ! ಅಷ್ಟು ಮಂದಿಯೊಳಗ ಖರೇ ಮಾತಾಡಿದಾಕಿ ಒಬ್ಬಾಕಿ.

ನೆನಪದಲ್ಲಾ ನಿಮಗ? ... ಯಾಕ ತಲಿ ಬಗ್ಗಿಸಿದ್ರಿ? ನೆನಪದ ಅಂತಾಯ್ತು.

ನಾ ಹಿಂದ ಬಾಕಿನ ಮ್ಯಾಲ ಕೂತಿದ್ದೆ, ಬಿಸಿನೀರಿನ ಫ್ಲಾಸ್ಕು ತೊಡಿಮ್ಯಾಲ ಇಟ್ಟುಕೊಂಡು. ಆಕಿ ಪಾಳಿ ಬಂತು. ಎದ್ದು ನಿಂತ್ಲು, ಎದ್ದು ನಿಂದ್ರೂ ಕಾರಣನ ಇರಲಿಲ್ಲ! ನನಗ ಅನಿಸಿತು, ಈಗ ನನ್ನ ಹೆಸರು ಹೇಳ್ತಾಳ. 'ನಮ್ಮ ಮನಿಯವರು ಕರಕೊಂಡು ಬರಲಿಲ್ಲಂದ್ರ ನಾ ಎಲ್ಲಿ ಬರ್ತಿದ್ದೆ' ಅಂತ ಅಂತಾಳ. ಅನ್ನಬೇಕಲ್ಲಾ? ನಾ ಫ್ಲಾಸ್ಕು ಕೆಳಗಿಟ್ಟು ಕೋಟಿನ ಗುಂಡಿ ಹಾಕ್ಕೊಂಡೆ. ಆಕಿ ಅಂದ್ಲು: 'ಇಲ್ಲಿ ನನಗ ಯಾರೂ ಕೂಡು ಅನ್ನೂದಿಲ್ಲ. ಅದಕ್ಕ ಈ ಜಾಗಾ ನನಗ ಹಿಡಿಸೇದ.'

ಎಲ್ಲಾರೂ ನಕ್ಕರು. ನೀವೂ ನಕ್ಕಿರಿ. ದೊಡ್ಡ ಡಾಕ್ಟರು ನನ್ನ ಕಡೆ ಹೊಳ್ಳಿ ಇಂಗ್ಲಿಷಿನಾಗ ಏನೋ ಅಂದು ನಕ್ಕರು. ನಾನೂ ನಕ್ಕೆ. ಏನು ಮಾಡಲಿ, ಸಭಾ ಅದು.

ಕೂಡು... ನಮ್ಮ ಮಾತಿನಾಗ ಅದಕ್ಕಿಂತ ಪ್ರೀತಿ ಶಬ್ದ ಯಾವುದದ ಹೇಳ್ರಿ. ಬಂದವರಿಗೆ ಕೂಡ್ರಿ ಅಂತೇವಿ. ಬಸುರಿಗೆ ಕೂಡು ಅಂತೇವಿ. ದಣಿದವರಿಗೆ ಕೂಡು ಅಂತೇವಿ. ಐದು ವರ್ಷ ದಿನಾ ಆ ಶಬ್ದ ಆಕಿ ಕೈಯಾಗ ಇಟ್ಟೇನಿ. ಆಕಿ ಅದನ್ನ ನಾಲ್ಕು ಮಂದಿಯೊಳಗ ನೆಲಕ್ಕ ಒಗದು ಬಂದ್ಲು!

ವಟಪೂರ್ಣಿಮಾ ಯಾವಾಗ ಅಂದ್ರೇ? ಹಾಂ, ಅದಾದ ಎರಡು ವಾರಕ್ಕ ಬಂತು. ಎಲ್ಲಾ ವರ್ಷ ಆಕಿಗೆ ಆಲದ ಮರದತನಾ ಹೋಗಲಿಕ್ಕೆ ಆಗ್ತಿರಲಿಲ್ಲಂತ ನಾ ಒಂದು ಟೊಂಗಿ ತಂದು ಮನ್ಯಾಗ ಚಂಬಿನಾಗ ನಿಲ್ಲಿಸ್ತಿದ್ದೆ. ಆಕಿ ಕೂತಲ್ಲೇ ದಾರ ಸುತ್ತತಿದ್ಲು. ಈ ಸಲ ನಡಕೋತ ಹೋದ್ಲು. ಬೂಟು ಹಾಕ್ಕೊಂಡು! ಅಂಬಾಬಾಯಿ ಜೋಡಿ. ನಾನು ಗ್ಯಾಲರ್‍ಯಾಗ ನಿಂತು ನೋಡ್ಲಿಕ್ಕತ್ತಿದ್ದೆ, ಮರ ಅಲ್ಲೇ, ರಸ್ತೆದ ಆಚೀಕಡೆ, ಇಲ್ಲಿಂದ ಕಾಣ್ತದ. ಸುತ್ತಿದ್ಲು. ಮತ್ತ ಸುತ್ತಿದ್ಲು. ಉಳಿದ ಹೆಂಗಸರು ಮುಗಿಸಿ ನಿಂತ್ರು, ಇಕಿ ಇನ್ನೂ ಸುತ್ತಲಿಕ್ಕತ್ತಾಳ. ನಿಂದರತಾಳ, ಊದತಾಳ, ಮತ್ತ ನಡೀತಾಳ. ಮುಖಾ ಕೆಂಪಗಾಗಿತ್ತು ರೀ, ಮದವಿ ದಿವಸ ಇದ್ದಂಗ. ನನ್ನ ಎದಿ ತುಂಬಿ ಬಂತು: ನನ್ನ ಸಲುವಾಗಿ ನೋಡು, ಇಷ್ಟು ದಮ್ಮು ಕಟ್ಟಿ... ಮನೀಗೆ ಬಂದ ಮ್ಯಾಲ ಚೀಲಾ ಖಾಲಿ ಮಾಡಿದೆ. ದಾರದ ಉಂಡಿ ಹಂಗ ಇತ್ತು. ಎಳೀ ಸುದ್ಧಾ ಬಿಚ್ಚಿದ್ದಿಲ್ಲ. 'ಇದೇನು?' ಅಂದೆ. 'ಅಯ್ಯ, ನಡೆಯೂ ಖುಶಿಯಾಗ ಮರತೇಬಿಟ್ಟೆ' ಅಂದ್ಲು. ಮರತ್ಲಂತ! ನನ್ನ ಮರತ್ಲು. ಮರ ನೆನಪಿತ್ತು, ನಡಿಗಿ ನೆನಪಿತ್ತು...

ಏನು? ಅದಕ್ಕ ನಿಲ್ಲಿಸಿದ್ರೇನು ಅಂದ್ರಿ? ಛೆ ಛೆ ಛೆ! ನಾ ನಿಲ್ಲಿಸೂದು? ಆಕಿಗೇ ಬ್ಯಾಸರಾತು. ಆಮ್ಯಾಲ ಜ್ವರನೂ ಬಂತು. ಹೌದು, ಜ್ವರ. ಬೂಟೂ ಹರದಿದ್ದವು... ಆರು ವಾರದಾಗ ಹ್ಯಾಂಗ ಹರೀತಾವ ಅಂದ್ರ ಹರದ್ವು, ಬರೋಬರ್ ಮಾಲ ಬರೂದಿಲ್ಲ ಈಗಿಂದು. ಕಸದ ಗಾಡಿಗೆ ಹಾಕಿಬಿಟ್ಟೆ.

ಯಾರು ಹೇಳಿದ್ರು ಹಂಗಂತ? ಅಂಬಾಬಾಯಿ? ಪಾವಟಿಗಿ ಹತ್ತುವಾಗ ಹಿಡದು ನಿಲ್ಲಿಸಿದ್ಲೇನು ನಿಮ್ಮನ್ನ? ಏನಂದ್ಲು? ... 'ದವಾಖಾನಿಯ ಬಾಯಾರು ನನಗ ಇನ್ನ ಬರಬ್ಯಾಡ ಅಂದಾರಂತ, ನಾ ಏನು ತಪ್ಪು ಮಾಡಿದೆ ಕೇಳು' ಅಂತ ಅನುಸೂಯಾ ಹೇಳ್ಯಾಳೇ? ಅಂಬಾಬಾಯಿಗೆ? ಯಾವಾಗ ಹೇಳಿದ್ಲು? ನಾ ಬಾಜಾರಕ್ಕ ಹೋದಾಗ? ಕಿಡಕ್ಯಾಗಿಂದ?

ಕಿಡಕ್ಯಾಗಿಂದ...

ಇಲ್ಲ ಬಾಯಾರ, ನಿಮ್ಮ ಹೆಸರಿಗೆ ಕಲಂಕ ಹಚ್ಚೂ ಉದ್ದೇಶ ನನ್ನದಲ್ಲ. ಏನರೆ ಒಂದು ಹೇಳಬೇಕಾಗಿತ್ತು. ಹಟಾ ಹಿಡೀತಾಳ, ಸಣ್ಣ ಕೂಸಿನಂಗ. ರೋಗಿಗೆ ಸಮಾಧಾನ ಆಗಲಿ ಅಂತ ಒಂದು ಮಾತು ಹೇಳಿದ್ರ ಅದು ಸುಳ್ಳೇನು? ನೀವು ಹೇಳೂದಿಲ್ಲೇ 'ಆರಾಮಾಗ್ತೀರಿ, ಆರಾಮಾಗ್ತೀರಿ' ಅಂತ? ಈ ರೋಗ ಆರಾಮಾಗೂದಿಲ್ಲ ಅಂತ ದೊಡ್ಡ ಡಾಕ್ಟರು ನನಗ ಬ್ಯಾರೇ ಕರದು ಹೇಳ್ಯಾರ. ಆರಾಮಾಗದ ರೋಗಕ್ಕ ಯಾಕ ಇಷ್ಟು ನಡಸ್ತೀರಿ ಆಕೀನ್ನ? ಎಲ್ಲಿ ಮುಟ್ಟಸಾವ್ರಿದ್ದೀರಿ? ಇಲ್ಲಿ ಏನು ಕಡಿಮಿ ಅದ ಹೇಳ್ರಿ! ಬಾಯಿಗೆ ಬಂದು ಬೀಳ್ತದ ತುತ್ತು. ಕಿಡಕ್ಯಾಗ ಕುಂಡ ಇಟ್ಟೇನಿ, ತುಳಸೀದು, ನೋಡಿಕೋತ ಕೂಡಲಿ ಅಂತ. ನಾನು ಇದ್ದೇನಿ, ಹೊತ್ತು ಹೊಂಟಾಗಿಂದ... ಆಕಿ ನಡದು ತಾನೇ ನೀರು ತಗೊಂಡು ಕುಡದ್ಲಂದ್ರ, ನಾ ಈ ಮನ್ಯಾಗ ಏನು ಮಾಡ್ಲಿ? ನೀವೇ ಹೇಳ್ರಿ. ಡೆಪೋ ಇಲ್ಲ, ಫೈಲಿಲ್ಲ. ಸಂಘಕ್ಕ ಈಗ ಯಾರೂ ಬರೂದಿಲ್ಲ. ಏನು ಮಾಡ್ಲಿ?

... ಮಾತಾಡ್ರಿ.

ಬೈರಿ ಬೇಕಾದ್ರ. ಹಿಂಗ ಸುಮ್ಮನ ಕೂತರ ನನಗ ಏನು ತಿಳೀಬೇಕು?

ಅತ್ತ ಏನು ನೋಡ್ಲಿಕ್ಕತ್ತೀರಿ? ಬಾಗಲಾ? ಅದು ಗಾಳಿಗೆ ಬಡೀತದ. ಆಷಾಢದ ಗಾಳಿ ನೋಡ್ರಿ, ದಡ್ ದಡ್ ಅಂತದ, ಆಕಿಗೆ ನಿದ್ದಿ ಕೆಡ್ತದ. ಅದಕ್ಕ ಚಿಲಕಾ ಹಾಕೇನಿ... ಹೌದು, ಹೊರಗಿನಿಂದ. ಒಳಗಿನ ಚಿಲಕಾ ಮುರದದ. ಮುರದು ಭಾಳ ದಿವಸ ಆತು.

ಸಪ್ಪಳಾ? ಇಲ್ಲ... ಇಲಿ ಇರಬೇಕು. ಹಳೇ ಚಾಳು, ಇಲಿ ಕಾಟ ಭಾಳ. ಅಂಬಾಬಾಯಿಗೂ ಅದನ್ನ ಹೇಳೇನಿ. 'ಮಧ್ಯಾಹ್ನ ನಮ್ಮ ತಲಿಮ್ಯಾಲ ಯಾರು ಅಡ್ಡಾಡ್ತಾರ್ರಿ, ಹಣಮಂತ್ರಾಯರ?' ಅಂತ ಕೇಳ್ತಾಳ. ಇಲಿ ಅಂದೆ. ಆಕಿಗೆ ಕೇಳಸ್ತದಂತ, ನನಗ ಎಂದೂ ಕೇಳಿಸಿಲ್ಲ. ನಾ ಇಲ್ಲಿ ಕೂತಾಗ ರೇಡಿಯೋ ಹಚ್ಚಿರ್ತೇನಿ, ಇಲ್ಲಾ ಏನರೆ ಮಾತಾಡ್ತಿರ್ತೇನಿ... ಇಷ್ಟು ಸುಮ್ಮನ ಈ ಮನಿ ಎಂದೂ ಇರೂದಿಲ್ಲ. ನೀವು ಸುಮ್ಮನಾದ್ರಿ ಅಂತ ಈಗ...

ಈಗ ಕೇಳಸ್ತದ.

ಬರಿಗಾಲ ಸಪ್ಪಳ. ಗೋಡಿತನಾ ಹೋತು. ನಿಂತಿತು. ಊದಲಿಕ್ಕತ್ತಾಳ, ಕೇಳ್ರಿ, ನೀವು ಕಲಿಸಿದಂಗನ... ತುಟಿ ಸಣ್ಣ ಮಾಡಿ. ಹೊಳ್ಳಿದ್ಲು. ಮತ್ತ ಕಿಡಕಿ ಕಡೆ.

ಅಂಬಾಬಾಯಿ ಕೇಳಲಿಕ್ಕೆ ಹತ್ತಿ ಎಷ್ಟು ದಿವಸ ಆತು... ಅಂದ್ರ ದಿನಾಲೂ? ಬೂಟಿಲ್ಲದ, ನೀವು 'ಬ್ಯಾಡ' ಅಂದೀರಿ ಅಂತ ನಾ ಹೇಳಿದ ಮ್ಯಾಲೂ, ನಾ ಬಾಗಲಾ ಹಾಕಿದ ಮ್ಯಾಲೂ, ದಿನಾಲೂ?

ಬಾಯಾರ... ಬಾಯಾರ, ಏಳಬ್ಯಾಡ್ರಿ. ಕೂಡ್ರಿ. ಚಹಾ ಆರಿ ಹೋಗೇದ, ಮತ್ತೊಂದು ಸಲ ಮಾಡ್ತೇನಿ, ಶುಂಠಿ ಹಾಕಿ... ಚಿಲಕಕ್ಕ ಕೈ ಹಚ್ಚಬ್ಯಾಡ್ರಿ. ಕೈ ಮುಗೀತೇನಿ ನಿಮಗ. ನೀವು ಸಣ್ಣವರು, ನಿಮಗ ತಿಳಿಯೂದಿಲ್ಲ... ಅದನ್ನ ತಗದ್ರ ಆಕಿ ನಡದು ಹೋಗಿಬಿಡ್ತಾಳ.